ಹಳೆಯ ಔಷಧಕ್ಕೆ ಹೊಸ ದೋಣಿ

(ಉಡುಪಿಯ ಕಾಲೇಜೊಂದರಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಕಾಗದದ ವಿಷಯ ಹೇಳುತ್ತೇನೆ. ನಾನು 20 ವರ್ಷಕ್ಕಿಂತ ಜಾಸ್ತಿ ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ರೋಗಿಯ ಮೂತ್ರ, ಕಫ, ರಕ್ತ, ಗಾಯದ ಕೀವು ಎಲ್ಲ ನಮ್ಮ ಹತ್ತಿರ ಬರುತ್ತದೆ. ಅದನ್ನು ಪ್ಲೇಟಿಗೆ ಹಾಕಿ ಬೆಳೆಸುತ್ತೇವೆ. ಬೆಳೆದದ್ದು ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಸಾಯುತ್ತದೆ ಅಂತ ನೋಡುತ್ತೇವೆ. ಕೊನೆಗೆ ಒಂದು ರಿಪೋರ್ಟ್ ಹೋಗುತ್ತದೆ. ಎಡಗಡೆ ಔಷಧಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ಎಸ್ ಎಂದಿದ್ದರೆ ಆ ಔಷಧ ನಾಟುತ್ತದೆ. ಆರ್ ಎಂದಿದ್ದರೆ ನಾಟುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಿಪೋರ್ಟಿನಲ್ಲಿ ನಾಲ್ಕೈದು ಆರ್ ಕಂಡರೆ ನಾವು ಒಬ್ಬರಿಗೊಬ್ಬರು ಕರೆದು ತೋರಿಸುತ್ತಿದ್ದೆವು. ಈಗ ಐಸಿಯುನಿಂದ ಬರುವ ಕೆಲವು ರಿಪೋರ್ಟುಗಳಲ್ಲಿ ಎಸ್ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕು.

ಅಂಥದ್ದೊಂದು ರಿಪೋರ್ಟು ನಮ್ಮ ಮನೆಗೇ ಬಂತು. ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂತ್ರ ಹೋಗಲು ಹಾಕಿದ ಕೊಳವೆ, ಅಂದರೆ ಕ್ಯಾತಿಟರ್‌ನಿಂದ ಸೋಂಕು ಹತ್ತಿತು. ಚಳಿ ಜ್ವರ ಬಂತು. ರಿಪೋರ್ಟ್ ನೋಡಿದರೆ ಸಾಲಾಗಿ ಆರ್. ಕೊಲಿಸ್ಟಿನ್ ಎಂಬ ಒಂದೇ ಒಂದು ಔಷಧ ಉಳಿದಿತ್ತು. ಅದು ತುಂಬ ಹಳೆಯದು. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಡಾಕ್ಟರುಗಳು ಎಷ್ಟೋ ವರ್ಷ ಬದಿಗಿಟ್ಟಿದ್ದ ಔಷಧ. ಬೇರೆ ದಾರಿ ಇಲ್ಲದೆ ಅದನ್ನೇ ಕೊಟ್ಟರು. ಅತ್ತೆ ಉಳಿದರು. ಅವರ ಕಿಡ್ನಿ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಬ್ಯಾಕ್ಟೀರಿಯಾ ಇದ್ದದ್ದು ಒಂದು ಕಡೆ. ಔಷಧ ಹೋದದ್ದು ಮೈಯೆಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಇಂಥ ಬ್ಯಾಕ್ಟೀರಿಯಾ ವಿರುದ್ಧ ನ್ಯಾನೊ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಏನು ಮಾಡಬಲ್ಲವು ಅಂತ ನಾನು ಇವತ್ತು ಹೇಳುತ್ತೇನೆ, ಅದರ ಮುಖ್ಯ ಭಾಗ ಇಲ್ಲೇ ಇದೆ.

ಈ ಬ್ಯಾಕ್ಟೀರಿಯಾಗಳು ಔಷಧವನ್ನು ತಪ್ಪಿಸಿಕೊಳ್ಳುವುದು ಹೇಗೆ? ಮಲ್ಪೆ ಮೀನುಗಾರಿಕೆ ಬಂದರಿನವರು ಇಲ್ಲಿ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ಬೋಟಿನೊಳಗೆ ನೀರು ನುಗ್ಗಿದರೆ ಏನು ಮಾಡುತ್ತೀರಿ? ಪಂಪು ಹಾಕಿ ಹೊರಗೆ ಚೆಲ್ಲುತ್ತೀರಿ. ಬ್ಯಾಕ್ಟೀರಿಯಾದ ಮೈಯಲ್ಲೂ ಅಂಥ ಪಂಪುಗಳಿವೆ. ಒಳಗೆ ಬಂದ ಔಷಧವನ್ನು ಕೂಡಲೇ ಹೊರಗೆ ತಳ್ಳುತ್ತವೆ. ಕೆಲವು ಬ್ಯಾಕ್ಟೀರಿಯಾ ಔಷಧವನ್ನೇ ತುಂಡರಿಸುವ ಕಿಣ್ವ ತಯಾರಿಸುತ್ತವೆ. ಇನ್ನು ಕೆಲವು ಔಷಧ ಒಳಗೆ ಬರುವ ಬಾಗಿಲನ್ನು ಕಿರಿದು ಮಾಡುತ್ತವೆ. ಔಷಧ ಹೋಗಿ ಕೂರುವ ಜಾಗದ ಆಕಾರವನ್ನೇ ಬದಲಿಸುವವೂ ಇವೆ. ಈ ವಿದ್ಯೆಯನ್ನು ಅವು ತಮ್ಮಲ್ಲೇ ಇಟ್ಟುಕೊಳ್ಳುವುದಿಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಬರೆದಿಟ್ಟು ಪಕ್ಕದ ಬ್ಯಾಕ್ಟೀರಿಯಾಕ್ಕೆ ಕೊಡುತ್ತವೆ. ಪಕ್ಕದ್ದು ಬೇರೆ ಜಾತಿಯದ್ದಾದರೂ ಕೊಡುತ್ತವೆ.

ಎಷ್ಟು ಬೇಗ ಕಲಿಯುತ್ತವೆ ಗೊತ್ತಾ? 2016ರಲ್ಲಿ ಹಾರ್ವರ್ಡ್‌ನವರು ಒಂದು ದೊಡ್ಡ ಪ್ಲೇಟ್ ಮಾಡಿದರು. ಊಟದ ಮೇಜಿನ ಅರ್ಧದಷ್ಟು ದೊಡ್ಡದು. ಎರಡು ತುದಿಯಲ್ಲಿ ಔಷಧ ಇಲ್ಲ. ನಡುವಿಗೆ ಬರುತ್ತಾ ಔಷಧದ ಪ್ರಮಾಣ ಹಂತ ಹಂತವಾಗಿ ಹೆಚ್ಚುತ್ತದೆ. ತುದಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬಿಟ್ಟರು. ಪ್ರತಿ ಗಡಿಯಲ್ಲಿ ಅವು ಸ್ವಲ್ಪ ನಿಂತವು. ಯಾವುದೋ ಒಂದು ಬದಲಾಗಿ ಗಡಿ ದಾಟಿತು. ಅದರ ಸಂತಾನ ಮುಂದೆ ಹಬ್ಬಿತು. ಹೀಗೆ ಸುಮಾರು 11 ದಿನಕ್ಕೆ, ಮೊದಲು ಅವನ್ನು ತಡೆಯುತ್ತಿದ್ದ ಪ್ರಮಾಣದ 1000 ಪಟ್ಟು ಔಷಧವಿದ್ದ ನಡುಭಾಗದಲ್ಲೂ ಅವು ಬೆಳೆಯುತ್ತಿದ್ದವು. ಆ ವೀಡಿಯೊ ಯೂಟ್ಯೂಬಿನಲ್ಲಿದೆ, ಮನೆಗೆ ಹೋಗಿ ಎಲ್ಲರೂ ಕೂತು ನೋಡಿ.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಇದನ್ನು ಎಚ್ಚರಿಸಿದ್ದರು. ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ಸೂಕ್ಷ್ಮಜೀವಿ ಸಾಯುವುದಿಲ್ಲ, ಪಳಗುತ್ತದೆ ಎಂಬುದು ಅವರ ಮಾತಿನ ಸಾರ. ನಾವು ಕೇಳಲಿಲ್ಲ. ನೆಗಡಿಯಾದರೆ ಮೆಡಿಕಲ್‌ಗೆ ಹೋಗಿ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾಕ್ಕೆ ಕೊಡುವ ಮಾತ್ರೆ, ಕೇಳಿ ತರುತ್ತೇವೆ. ನೆಗಡಿ ಬರುವುದು ವೈರಸ್‌ನಿಂದ. ಆ ಮಾತ್ರೆ ವೈರಸ್ ಅನ್ನು ಮುಟ್ಟುವುದೂ ಇಲ್ಲ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪಾಠ ಕಲಿಸಿ ಹೋಗುತ್ತದೆ. 2019ರ ಒಂದೇ ವರ್ಷದಲ್ಲಿ ಔಷಧ ನಾಟದ ಬ್ಯಾಕ್ಟೀರಿಯಾಗಳಿಂದಲೇ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಹೊಸ ಔಷಧ ಮಾಡಬಾರದೇ ಅಂತ ನೀವು ಕೇಳಬಹುದು. ಹೊಸ ಆಂಟಿಬಯೋಟಿಕ್ ಮಾಡಲು ಹತ್ತು ಹದಿನೈದು ವರ್ಷ ಬೇಕು. ಮಾಡಿದ ಮೇಲೆ ಅದನ್ನು ಆದಷ್ಟು ಕಡಿಮೆ ಬಳಸಬೇಕು. ಹಾಗಾಗಿ ದುಡ್ಡು ಹುಟ್ಟುವುದಿಲ್ಲ. ಅಮೆರಿಕದ ಒಂದು ಕಂಪನಿ 2018ರಲ್ಲಿ ಹೊಸ ಆಂಟಿಬಯೋಟಿಕ್‌ಗೆ ಅನುಮತಿ ಪಡೆಯಿತು, 2019ರಲ್ಲಿ ದಿವಾಳಿಯಾಯಿತು.

ಈಗ ನ್ಯಾನೊಗೆ ಬರೋಣ. ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಹೀಗೆ ಹೇಳಿದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಬೇರೆ ಥರ ನೋಡೋಣ. ಒಂದು ಇ. ಕೋಲಿ ಬ್ಯಾಕ್ಟೀರಿಯಾ 2000 ನ್ಯಾನೊಮೀಟರ್ ಉದ್ದ. ಅದನ್ನು ಮಲ್ಪೆ ಬಂದರಿನಲ್ಲಿ ನಿಂತ 20 ಮೀಟರಿನ ಆಳಸಮುದ್ರದ ಬೋಟು ಅಂದುಕೊಳ್ಳಿ. ಆಗ 10 ನ್ಯಾನೊಮೀಟರಿನ ಬೆಳ್ಳಿಯ ಕಣ ಎಷ್ಟು ದೊಡ್ಡದು? ಬೋಟಿನ ಪಕ್ಕ ಒಂದು ಸಣ್ಣ ಬೂತಾಯಿ ಮೀನಿನಷ್ಟು.

ಅಷ್ಟು ಸಣ್ಣದು ಮಾಡಿದರೆ ಏನು ಲಾಭ? ಹರಳುಪ್ಪಿಗಿಂತ ಪುಡಿಉಪ್ಪು ಬೇಗ ಕರಗುತ್ತದೆ, ಅಲ್ವಾ? ಪುಡಿ ಮಾಡಿದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ. ಒಂದು ಸೆಂಟಿಮೀಟರಿನ ಬೆಳ್ಳಿಯ ಗಟ್ಟಿ ತೆಗೆದುಕೊಳ್ಳಿ, ಸಕ್ಕರೆ ಅಚ್ಚಿನ ಹಾಗೆ ಆರು ಮುಖದ್ದು. ತೂಕ ಹತ್ತೂವರೆ ಗ್ರಾಂ. ಅದರ ಹೊರಮೈ 6 ಚದರ ಸೆಂಟಿಮೀಟರ್, ಒಂದು ಅಂಚೆಚೀಟಿಯಷ್ಟು. ಅದನ್ನೇ 10 ನ್ಯಾನೊಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 15 ಸೆಂಟ್ಸ್ ಜಾಗ. ಮನೆ, ಬಾವಿ, ನಾಲ್ಕು ತೆಂಗಿನಮರ ಹಿಡಿಸುವಷ್ಟು ಜಾಗ. ಬೆಳ್ಳಿ ಅಷ್ಟೇ ಇದೆ. ಬ್ಯಾಕ್ಟೀರಿಯಾಕ್ಕೆ ತಾಗುವ ಮೈ ಮಾತ್ರ ಅಂಚೆಚೀಟಿಯಿಂದ 15 ಸೆಂಟ್ಸಿಗೆ ಏರಿದೆ.

ಆ ಮೈಯಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುತ್ ಅಂಶ ಹೊತ್ತ ಪರಮಾಣುಗಳು, ನಿಧಾನಕ್ಕೆ ಬಿಡುತ್ತಾ ಹೋಗುತ್ತವೆ. ಅವು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿ ಕೆಲಸ ಕೆಡಿಸುತ್ತವೆ. ಹೊರಪೊರೆ ಸೋರತೊಡಗುತ್ತದೆ. ಒಳಗೆ ಆಮ್ಲಜನಕದ ಉರಿಯುವ ರೂಪಗಳು ಹುಟ್ಟಿ ಡಿಎನ್‌ಎಯನ್ನೂ ಹಾಳು ಮಾಡುತ್ತವೆ. ಹೆಚ್ಚಿನ ಆಂಟಿಬಯೋಟಿಕ್‌ಗಳು ಒಂದೇ ಗುರಿಗೆ ಹೊಡೆಯುತ್ತವೆ. ಬೆಳ್ಳಿ ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ. ಅದಕ್ಕೇ ವಿಜ್ಞಾನಿಗಳಿಗೆ ಇದರ ಮೇಲೆ ಅಷ್ಟು ಆಸೆ. 2013ರಲ್ಲಿ ಅಮೆರಿಕದ ಒಂದು ತಂಡ ಆಂಟಿಬಯೋಟಿಕ್ ಜೊತೆ ಸ್ವಲ್ಪ ಬೆಳ್ಳಿ ಸೇರಿಸಿ ನೋಡಿತು. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಸಾಮಾನ್ಯವಾಗಿ ಇ. ಕೋಲಿಯ ಹೊರಪೊರೆ ದಾಟಲಾರದು. ಬೆಳ್ಳಿ ಆ ಪೊರೆಯನ್ನು ಸಡಿಲ ಮಾಡಿಕೊಟ್ಟ ಮೇಲೆ ದಾಟಿತು.

ಮುಂದಿನ ಸಾಲಿನಲ್ಲಿ ಕೂತ ಅಮ್ಮ ಈಗಷ್ಟೇ ಕೇಳಿದರು, ಹಾಗಾದರೆ ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಕುಡಿಸುವುದು ಒಳ್ಳೆಯದೇ ಅಂತ. ಒಳಲೆಯಿಂದ ಕೆಡುಕಿಲ್ಲ ಅಮ್ಮ, ತೊಳೆದು ಕುದಿಸಿ ಬಳಸಿ. ಅದರಿಂದ ಸೋಂಕು ವಾಸಿಯಾಗುತ್ತದೆ ಅಂತ ಮಾತ್ರ ನಂಬಬೇಡಿ. ಬಾಟಲಿಯಲ್ಲಿ ಬೆಳ್ಳಿ ನೀರು ಅಂತ ಮಾರುವುದನ್ನು ಕುಡಿಯಲೇಬೇಡಿ. ತುಂಬ ದಿನ ಬೆಳ್ಳಿ ಹೊಟ್ಟೆಗೆ ಹೋದರೆ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಮತ್ತೆ ಹೋಗುವುದಿಲ್ಲ.

ಬೆಳ್ಳಿ ಚೆನ್ನಾಗಿ ದುಡಿದ ಜಾಗಗಳಿವೆ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ 1960ರ ದಶಕದಿಂದಲೂ ಬೆಳ್ಳಿಯ ಸಂಯುಕ್ತ ಇದೆ. ನೀರಿನ ಫಿಲ್ಟರಿನಲ್ಲೂ ಇದೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿಗೆ ಕರೆಂಟು ಬೇಡ. ಭತ್ತದ ಹೊಟ್ಟಿನ ಬೂದಿಗೆ ನ್ಯಾನೊ ಬೆಳ್ಳಿ ಹಿಡಿಸಿ ಮಾಡಿದ್ದು ಅದು. ನಮ್ಮ ಕುಚ್ಚಲಕ್ಕಿ ಮಿಲ್ಲುಗಳ ಹಿಂದೆ ಆ ಬೂದಿ ರಾಶಿ ಬಿದ್ದಿರುವುದನ್ನು ನೋಡಿದ್ದೀರಿ. ಬೂದಿಯ ಸಣ್ಣ ರಂಧ್ರಗಳಲ್ಲಿ ಬೆಳ್ಳಿ ಕೂತು ಹಾದುಹೋಗುವ ನೀರಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಇಂಥ ಕೆಲಸ ನನಗೆ ತುಂಬ ಇಷ್ಟ. ಸೋಂಕೇ ಬಾರದಿದ್ದರೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲವಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ತುಂಬ ಮಂದಿ ಪ್ರಾಜೆಕ್ಟಿಗೆ ಇದನ್ನೇ ಮಾಡುತ್ತೀರಿ. ತುಳಸಿಯೋ ಬೇವೋ ಪೇರಳೆ ಎಲೆಯೋ ಕುದಿಸಿ ಸೋಸುತ್ತೀರಿ. ಸಿಲ್ವರ್ ನೈಟ್ರೇಟ್‌ಗೆ ಹಾಕುತ್ತೀರಿ. ದ್ರಾವಣ ಹಳದಿಯಾಗಿ ಕಂದಾಗುತ್ತದೆ, ಬೆಳ್ಳಿಯ ಕಣ ಹುಟ್ಟಿತು ಅಂತ ಗೊತ್ತಾಗುತ್ತದೆ. ಪ್ಲೇಟಿನಲ್ಲಿ ಹಾಕಿದರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ವೃತ್ತ ಕಾಣುತ್ತದೆ. ಫೋಟೊ ತೆಗೆದು ವರದಿ ಬರೆಯುತ್ತೀರಿ. ಆ ಖುಷಿ ನನಗೆ ಗೊತ್ತು, ನಾನೂ ಪಟ್ಟಿದ್ದೇನೆ. ಆದರೆ ಪ್ಲೇಟಿನಲ್ಲಿ ರಕ್ತ ಇಲ್ಲ. ರಕ್ತಕ್ಕೆ ಹೋದ ಕೂಡಲೇ ಪ್ರೋಟೀನುಗಳು ಕಣದ ಮೇಲೆ ಮುತ್ತಿಕೊಳ್ಳುತ್ತವೆ. ಉಪ್ಪಿನಂಶಕ್ಕೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ 15 ಸೆಂಟ್ಸ್ ಮತ್ತೆ ಅಂಚೆಚೀಟಿಯ ಕಡೆಗೆ ಕುಗ್ಗುತ್ತದೆ.

ಪ್ಲೇಟಿಗೂ ಮನುಷ್ಯನಿಗೂ ಎಷ್ಟು ದೂರ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ಬೆಳ್ಳಿ ಲೇಪಿಸಿದ ಕ್ಯಾತಿಟರ್ ಹಾಕಿದರೆ ಮೂತ್ರದ ಸೋಂಕು ಕಡಿಮೆಯಾಗುತ್ತದೆ ಎಂದು ಬಹಳ ಜನ ನಂಬಿದ್ದರು. ನ್ಯಾನೊ ಕಣದ್ದಲ್ಲ, ಬೆಳ್ಳಿಯ ಮಿಶ್ರಲೋಹದ ಲೇಪ. ಬ್ರಿಟನ್ನಿನಲ್ಲಿ 7,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದರು. 2012ರಲ್ಲಿ ಫಲಿತಾಂಶ ಬಂತು. ಸ್ವಲ್ಪ ದಿನಕ್ಕೆ ಹಾಕುವ ಕ್ಯಾತಿಟರ್‌ಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅದನ್ನು ಓದಿದ ದಿನ ನನಗೆ ಬೇಜಾರಾಗಿತ್ತು. ಆದರೂ ಅಂಥ ಪರೀಕ್ಷೆ ಮಾಡಿದವರ ಮೇಲೆ ದೊಡ್ಡ ಗೌರವ ಇದೆ.

ಬೆಳ್ಳಿಯನ್ನು ತಾಳಿಕೊಳ್ಳಲು ಬ್ಯಾಕ್ಟೀರಿಯಾ ಕಲಿಯುವುದೇ ಇಲ್ಲ ಅನ್ನುವ ಮಾತೂ ಕೇಳಿಬರುತ್ತದೆ. ಸುಳ್ಳು. 1975ರಲ್ಲೇ ಅಮೆರಿಕದ ಸುಟ್ಟಗಾಯದ ವಾರ್ಡೊಂದರಲ್ಲಿ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು. 2018ರಲ್ಲಿ ಝೆಕ್ ವಿಜ್ಞಾನಿಗಳು ಇನ್ನೊಂದು ಕಂಡರು. ಇ. ಕೋಲಿಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಮತ್ತೆ ಮತ್ತೆ ಕೊಟ್ಟಾಗ ಅದು ತನ್ನ ಬಾಲ ಕಟ್ಟಲು ಬಳಸುವ ಫ್ಲಾಜೆಲಿನ್ ಪ್ರೋಟೀನನ್ನು ಹೊರಗೆ ಬಿಟ್ಟಿತು. ಅದು ತಾಗಿ ಕಣಗಳು ಹಾಲು ಒಡೆದ ಹಾಗೆ ಗಂಟುಗಂಟಾದವು. ಆ ಪ್ರೋಟೀನು ತಯಾರಾಗದಂತೆ ತಡೆಯಲು ಅದೇ ವಿಜ್ಞಾನಿಗಳು ದಾಳಿಂಬೆ ಸಿಪ್ಪೆಯ ರಸ ಬಳಸಿದರು. ಬೆಳ್ಳಿ ಮತ್ತೆ ನಾಟಿತು. ಇನ್ನೊಂದು ಅಪಾಯವೂ ಇದೆ. ಲೋಹಕ್ಕೆ ಬಗ್ಗದ ಜೀನು, ಔಷಧಕ್ಕೆ ಬಗ್ಗದ ಜೀನು ಎರಡೂ ಒಂದೇ ಪ್ಲಾಸ್ಮಿಡ್‌ನಲ್ಲಿ ಇರುವುದುಂಟು. ಕಾಲುಚೀಲಕ್ಕೆ, ಟೀಶರ್ಟಿಗೆ, ಡಬ್ಬಿಗೆ ಸುಮ್ನೆ ನ್ಯಾನೊ ಬೆಳ್ಳಿ ಹಾಕಿದರೆ ಅದು ಒಗೆದ ನೀರಿನ ಜೊತೆ ತೋಡು ಸೇರುತ್ತದೆ. ತೋಡು ಹೊಳೆ ಸೇರುತ್ತದೆ. ಅಲ್ಲಿ ಬೆಳ್ಳಿಯನ್ನು ತಾಳಿಕೊಂಡು ಉಳಿಯುವ ಬ್ಯಾಕ್ಟೀರಿಯಾ ಆಂಟಿಬಯೋಟಿಕ್ ತಾಳುವ ವಿದ್ಯೆಯನ್ನೂ ಜೊತೆಗೇ ಉಳಿಸಿಕೊಳ್ಳಬಹುದು. ಪೆನಿಸಿಲಿನ್‌ಗೆ ಮಾಡಿದ ತಪ್ಪನ್ನು ನಾವು ಬೆಳ್ಳಿಗೂ ಮಾಡುವುದು ಬೇಡ.

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಔಷಧವನ್ನು ಬೇಕಾದ ಜಾಗಕ್ಕೆ ಮಾತ್ರ ಒಯ್ಯುವುದು ಹೇಗೆ?

2021ರ ಮೇ ತಿಂಗಳು ನೆನಪಿದೆಯಾ? ಕೋವಿಡ್ ಎರಡನೇ ಅಲೆ, ಅದರ ಹಿಂದೆಯೇ ಕಪ್ಪು ಶಿಲೀಂಧ್ರ. ಎಲ್ಲ ಕಡೆ ಒಂದು ಇಂಜೆಕ್ಷನ್‌ಗೆ ಹುಡುಕಾಟ. ಲೈಪೊಸೋಮಲ್ ಆಂಫೊಟೆರಿಸಿನ್ ಬಿ. ಆಂಫೊಟೆರಿಸಿನ್ 1950ರ ದಶಕದಿಂದ ಇದ್ದ ಔಷಧ. ಕಿಡ್ನಿಗೆ ಬಹಳ ಕಷ್ಟ ಕೊಡುತ್ತದೆ. ಅದನ್ನೇ ಕೊಬ್ಬಿನ ಸಣ್ಣ ಗುಳ್ಳೆಗಳೊಳಗೆ ಕೂರಿಸಿದ್ದಾರೆ. ಒಂದು ಗುಳ್ಳೆ 100 ನ್ಯಾನೊಮೀಟರಿಗಿಂತ ಸಣ್ಣದು. ನಮ್ಮ ಜೀವಕೋಶದ ಪೊರೆಯ ಥರದ್ದೇ ವಸ್ತುವಿನಿಂದ ಮಾಡಿದ ಗುಳ್ಳೆ. ರಕ್ತದಲ್ಲಿ ದೋಣಿಯ ಹಾಗೆ ಹೋಗುತ್ತದೆ. ಶಿಲೀಂಧ್ರ ಇದ್ದಲ್ಲಿ ಸರಕು ಇಳಿಸುತ್ತದೆ. ಔಷಧ ಹಳೆಯದೇ, ಕಿಡ್ನಿಗೆ ಆಗುವ ಹಾನಿ ಕಡಿಮೆ. ನಮ್ಮೂರಿನ ಎಷ್ಟೋ ಮನೆಯವರು ಆಗ ಆ ಹೆಸರು ಬಾಯಿಪಾಠ ಮಾಡಿಕೊಂಡು ಫೋನಿನ ಮೇಲೆ ಫೋನು ಮಾಡಿದರು. ತಾವು ಹುಡುಕುತ್ತಿರುವುದು ನ್ಯಾನೊ ಔಷಧ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅದು ಶಿಲೀಂಧ್ರಕ್ಕೆ. ಬ್ಯಾಕ್ಟೀರಿಯಾಕ್ಕೂ ಈ ದೋಣಿ ಬಂದಿದೆ. ಅಮಿಕಾಸಿನ್ ಗೊತ್ತಲ್ಲ, ಹಳೆಯ ಇಂಜೆಕ್ಷನ್. ಜಾಸ್ತಿಯಾದರೆ ಕಿಡ್ನಿ ಹಾಳಾಗುತ್ತದೆ, ಕಿವಿ ಕೇಳದಾಗುತ್ತದೆ. ಅದನ್ನು ಇಂಥ ಗುಳ್ಳೆಗಳಲ್ಲಿ ತುಂಬಿ ಉಸಿರಿನ ಮೂಲಕ ನೇರ ಶ್ವಾಸಕೋಶಕ್ಕೆ ಕೊಡುವ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟಿಬಿ ಬ್ಯಾಕ್ಟೀರಿಯಾದ ದಾಯಾದಿಗಳಿಂದ ಬರುವ, ಬೇರೆ ಔಷಧಕ್ಕೆ ಬಗ್ಗದ ಶ್ವಾಸಕೋಶದ ಸೋಂಕಿಗೆ ಅದು. ಈ ಬ್ಯಾಕ್ಟೀರಿಯಾ ಅಡಗಿ ಕೂರುವುದು ನಮ್ಮ ಕಾವಲು ಕೋಶಗಳ ಹೊಟ್ಟೆಯೊಳಗೆ. ಕಾವಲು ಕೋಶಕ್ಕೆ ಏನಾದರೂ ಸಣ್ಣ ಗುಳ್ಳೆ ಕಂಡರೆ ನುಂಗುವ ಅಭ್ಯಾಸ. ಔಷಧದ ಗುಳ್ಳೆಯನ್ನೂ ನುಂಗುತ್ತದೆ. ಹಾಗೆ ಔಷಧ ಕಳ್ಳ ಕೂತ ಕೋಣೆಗೇ ಹೋಗಿ ಮುಟ್ಟುತ್ತದೆ. ಉಸಿರಾಟಕ್ಕೆ ಇದರಿಂದಲೂ ಕೆಲವರಿಗೆ ತೊಂದರೆ ಆಗುತ್ತದೆ, ಅದನ್ನು ಡಾಕ್ಟರು ನೋಡಿಕೊಂಡೇ ಕೊಡುತ್ತಾರೆ. ನನ್ನ ಅತ್ತೆಗೆ ಕೊಟ್ಟ ಕೊಲಿಸ್ಟಿನ್‌ಗೂ ಹೀಗೊಂದು ದೋಣಿ ಕಟ್ಟಲು ಲ್ಯಾಬುಗಳಲ್ಲಿ ಪ್ರಯತ್ನ ನಡೆದಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಈ ದಾರಿಯಲ್ಲಿ.

ದಾರಿ ತಪ್ಪಿ ಒಂದು ಚಂದದ ವಿಷಯ ಹೇಳಲೇಬೇಕು. ಆಗುಂಬೆ ಕಡೆ ಹೋದರೆ ಜೀರುಂಡೆಗಳ ಸದ್ದು ಕಿವಿಗೆ ಅಡರುತ್ತದೆ. ಆಸ್ಟ್ರೇಲಿಯಾದ ಒಂದು ಬಗೆಯ ಜೀರುಂಡೆಯ ರೆಕ್ಕೆಯನ್ನು ಅಲ್ಲಿನ ವಿಜ್ಞಾನಿಗಳು ನೋಡಿದರು. ರೆಕ್ಕೆಯ ತುಂಬ 200 ನ್ಯಾನೊಮೀಟರ್ ಎತ್ತರದ ಮೊಳೆಗಳು ಒತ್ತೊತ್ತಾಗಿ ನಿಂತಿವೆ. ಸೂಡೋಮೊನಾಸ್ ಬ್ಯಾಕ್ಟೀರಿಯಾ ಅದರ ಮೇಲೆ ಕೂತರೆ ಪೊರೆ ಮೊಳೆಗಳ ನಡುವೆ ಜಗ್ಗಿ ಹರಿದುಹೋಗುತ್ತದೆ. ಅಲ್ಲಿ ವಿಷವೂ ಇಲ್ಲ, ಔಷಧವೂ ಇಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಈಗ ಮೂಳೆಗೆ ಹಾಕುವ ಟೈಟಾನಿಯಂ ಪ್ಲೇಟುಗಳ ಮೇಲೆ ಅಂಥ ಮೊಳೆಗಳನ್ನು ಎಬ್ಬಿಸಲು ನೋಡುತ್ತಿದ್ದಾರೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿದ ಹಾಗೆ ಬ್ಯಾಕ್ಟೀರಿಯಾಗಳು ಇಂಥ ಲೋಹಕ್ಕೆ, ಕ್ಯಾತಿಟರ್‌ಗೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿದರೆ ಮೇಲಿನದು ಬಿಳಿಚುತ್ತದೆ, ಅಡಿಯದು ಹಾಗೇ ಇರುತ್ತದೆ. ಲೋಳೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟಾಗ ಆಗುವುದೂ ಅದೇ. ಮೊದಲ ದಿನವೇ ಕೂರಲು ಬಿಡದಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ನೀವೆಲ್ಲ ಕೈಯಲ್ಲಿ ಹಿಡಿದು ನೋಡಿದ ನ್ಯಾನೊ. ಗರ್ಭಿಣಿ ಹೌದೋ ಅಲ್ಲವೋ ನೋಡುವ ಪಟ್ಟಿಯಲ್ಲಿ ಕೆಂಪು ಗೆರೆ ಬರುತ್ತದೆ. ಮನೆಯಲ್ಲಿ ಕೋವಿಡ್ ನೋಡಿದ ಕಿಟ್ಟಿನಲ್ಲೂ ಬಂತು. ಬಹಳಷ್ಟು ಕಿಟ್‌ಗಳಲ್ಲಿ ಆ ಕೆಂಪು ಅಂದರೆ ಚಿನ್ನ. ಚಿನ್ನವನ್ನು ನ್ಯಾನೊ ಗಾತ್ರಕ್ಕೆ ಇಳಿಸಿದರೆ ಹಳದಿ ಹೋಗಿ ಮಾಣಿಕ್ಯದ ಕೆಂಪು ಬರುತ್ತದೆ. ಇದೇ ಬಗೆಯ ಪಟ್ಟಿಯಲ್ಲಿ ಈಗ ಎನ್‌ಡಿಎಂನಂಥ ಕಿಣ್ವಗಳನ್ನು ಪತ್ತೆ ಮಾಡಬಹುದು. ದೊಡ್ಡ ದೊಡ್ಡ ಔಷಧಗಳನ್ನು ತುಂಡರಿಸುವ ಕಿಣ್ವ ಅದು. ಹೆಸರಿನಲ್ಲಿ ನ್ಯೂಡೆಲ್ಲಿ ಅಂತ ಸೇರಿಕೊಂಡಿದೆ. ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಸ್ವಲ್ಪ ತೆಗೆದು ಹಾಕಿದರೆ 15 ನಿಮಿಷಕ್ಕೆ ಗೆರೆ ಬರುತ್ತದೆ. ಪೂರ್ತಿ ಕಲ್ಚರ್ ರಿಪೋರ್ಟಿಗೆ ನಾವು ಎರಡು ಮೂರು ದಿನ ತೆಗೆದುಕೊಳ್ಳುತ್ತೇವೆ. ಆ ಎರಡು ಮೂರು ದಿನ ಡಾಕ್ಟರು ಅಂದಾಜಿನ ಮೇಲೆ ದೊಡ್ಡ ಔಷಧ ಶುರು ಮಾಡಲೇಬೇಕಾಗುತ್ತದೆ. ರೋಗಿ ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಬೆಳಿಗ್ಗೆ ಪ್ಲೇಟ್ ತೆಗೆಯುವಾಗ ವಾರ್ಡಿನಿಂದ ಫೋನ್ ಬಂದಿದೆ, ರಿಪೋರ್ಟ್ ಇನ್ನು ಬೇಡ ಅಂತ. ರೋಗಿ ರಾತ್ರಿಯೇ ಹೋಗಿಬಿಟ್ಟಿದ್ದರು. ಹಾಗಾಗಿ ಬೇಗ ಗೊತ್ತುಮಾಡುವ ಒಂದು ಪಟ್ಟಿ, ಕೊಲ್ಲುವ ಹೊಸ ಕಣದಷ್ಟೇ ಜೀವ ಉಳಿಸುತ್ತದೆ ಅಂತ ನಾನು ನಂಬುತ್ತೇನೆ.

ಹಿಂದಿನ ಸಾಲಿನ ಹುಡುಗಿ ಚೀಟಿ ಕಳಿಸಿದ್ದಾಳೆ. ಮೇಡಂ, ನಾವು ಎಲೆ ಕುದಿಸುವುದು ಬಿಟ್ಟು ಏನು ಪ್ರಾಜೆಕ್ಟ್ ಮಾಡಲಿ ಅಂತ. ಎಲೆ ಬಿಡುವುದೇನೂ ಬೇಡ ಮಗಾ. ವೃತ್ತ ಅಳೆದು ನಿಲ್ಲಿಸಬೇಡ, ಅಷ್ಟೇ. ಮಾಡಿದ ಕಣವನ್ನು ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ನೋಡು, ಗಂಟಾಗುತ್ತದೋ ಅಂತ. ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ, ಸೇರಿಸಿ ಮತ್ತೆ ಪರೀಕ್ಷೆ ಮಾಡು. ಬ್ಯಾಕ್ಟೀರಿಯಾ ಸಾಯುವ ಪ್ರಮಾಣದಲ್ಲಿ ಕೆಂಪು ರಕ್ತಕಣ ಒಡೆಯುತ್ತದೋ ನೋಡು. ಹೊಸ ಕ್ಯಾತಿಟರ್ ಒಂದನ್ನು ಒಂದೊಂದು ಸೆಂಟಿಮೀಟರ್ ಕತ್ತರಿಸಿ, ನಿಮ್ಮ ಕಾಲೇಜಿನಲ್ಲಿ ಇರುವ ಅಪಾಯವಿಲ್ಲದ ತಳಿಯಿಂದ ಅದರ ಮೇಲೆ ಲೋಳೆ ಪದರ ಬೆಳೆಸು, ಆಮೇಲೆ ನಿನ್ನ ಕಣ ಹಾಕು. ಉಳಿದುಕೊಂಡ ಬ್ಯಾಕ್ಟೀರಿಯಾವನ್ನು ಎಸೆಯಬೇಡ. ಅದನ್ನೇ ಮತ್ತೆ ಬೆಳೆಸಿ, ಮತ್ತೆ ಕಣ ಹಾಕಿ, 20 ದಿನ ಹೀಗೇ ಮಾಡು. ಇಪ್ಪತ್ತನೇ ದಿನ ಅದನ್ನು ಕೊಲ್ಲಲು ಎಷ್ಟು ಬೇಕಾಯಿತು ಅಂತ ಬರೆದಿಡು. ಮುಗಿದ ಮೇಲೆ ಎಲ್ಲವನ್ನೂ ಆಟೋಕ್ಲೇವ್ ಮಾಡಿಯೇ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿಯೇ ಹೊರಗೆ ಹಾಕು. ಬೆಳ್ಳಿಯ ದ್ರಾವಣ ಸಿಂಕಿಗೆ ಚೆಲ್ಲಬೇಡ, ಬೇರೆ ಬಾಟಲಿಯಲ್ಲಿ ಹೆಸರು ಬರೆದು ಇಡು. ವೃತ್ತ ಸಣ್ಣದು ಬಂದರೂ, ಏನೂ ಬಾರದಿದ್ದರೂ ಹಾಗೇ ಬರೆ. ನನಗೆ ಕಳಿಸು, ನಾನು ಓದುತ್ತೇನೆ.